ಗಾಳ ಹಿಡಿದ ದೊರೆ, ಮೀನು ಕಾಯ್ದ ಊರು

ನರೇಗಲ್ಲಿನ ಊರೊಳಗೆ ಹೊಳೆ ಹರಿಯುವುದಿಲ್ಲ. ಸುತ್ತ ಕಣ್ಣು ಹಾಯುವಷ್ಟು ದೂರ ಕರಿ ಮಣ್ಣಿನ ಹೊಲ. ನೀರೆಂದರೆ ಕೆರೆ, ಬಾವಿ, ಹೊಂಡ. ಹೊಳೆ ನೋಡಬೇಕಾದವರು ರೋಣ ದಾಟಿ ಹೊಳೆಆಲೂರಿಗೆ ಹೋಗಬೇಕು. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಅಲ್ಲಿ ಊರಿನ ಮಗ್ಗುಲಿಗೇ ಹರಿಯುತ್ತದೆ. ಮುಂದೆ ಪಟ್ಟದಕಲ್ಲಿನ ಗುಡಿಗಳ ಪಕ್ಕ ಹಾದು, ಒಟ್ಟು 304 ಕಿಲೋಮೀಟರ್ ದೂರ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಇಂಥ ಒಣ ಸೀಮೆಯ ಓದುಗರಿಗೆ ಗಾಳ ಹಾಕಿ ಮೀನು ಹಿಡಿಯುವ ಹವ್ಯಾಸದ ಚರಿತ್ರೆ ಕಾಶ್ಮೀರದ್ದೋ ಇಂಗ್ಲೆಂಡಿನದ್ದೋ ಅನ್ನಿಸಬಹುದು. ಆದರೆ ಗಾಳದ ಮೀನುಗಾರಿಕೆಯನ್ನು ಒಂದು ವಿದ್ಯೆಯೆಂದು ಬಗೆದು, ಕ್ರಮವಾಗಿ ಬರೆದಿಟ್ಟ ಜಗತ್ತಿನ ಹಳೆಯ ಬರಹಗಳಲ್ಲೊಂದು ಬಂದದ್ದು ಇದೇ ನೆಲವನ್ನಾಳಿದ ಅರಸನಿಂದ.

ಆತ ಕಲ್ಯಾಣಿ ಚಾಲುಕ್ಯರ ಮೂರನೆಯ ಸೋಮೇಶ್ವರ. ಭೂಲೋಕಮಲ್ಲ, ಸರ್ವಜ್ಞ ಚಕ್ರವರ್ತಿ ಎಂಬ ಬಿರುದುಗಳ ಈ ದೊರೆ ಪಟ್ಟವೇರಿದ್ದು 1126ರಲ್ಲಿ. ಆತನ ಕಾಲಕ್ಕಾಗಲೇ ನರೇಗಲ್ ಸೀಮೆ ಚಾಲುಕ್ಯರಿಗೆ ಹಳೆಯ, ನೆಚ್ಚಿನ ನೆಲ. ನೆರೆಯ ಸೂಡಿಯಲ್ಲಿ ಚಾಲುಕ್ಯ ಮನೆತನದ ಅಕ್ಕಾದೇವಿ ಕಿಸುಕಾಡು ಎಪ್ಪತ್ತರ ಆಡಳಿತ ನಡೆಸಿದ್ದಳು. ಶಾಸನಗಳು ನರೆಯಂಗಲ್ಲು ಎಂದು ಕರೆಯುವ ಊರು ಬೆಳ್ವೊಲ ಮುನ್ನೂರರೊಳಗೆ ಹನ್ನೆರಡು ಹಳ್ಳಿಗಳ ಮುಖ್ಯ ಊರಾಗಿತ್ತು. ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವನ್ನು ರಚಿಸಿದ. ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬುದು ಅದರ ಇನ್ನೊಂದು ಹೆಸರು. ಐದು ವಿಂಶತಿ, ಒಟ್ಟು ನೂರು ಅಧ್ಯಾಯ. ರಾಜ್ಯ ಗಳಿಸುವುದರಿಂದ ಹಿಡಿದು ಅಡುಗೆ, ಆನೆ ಪಳಗಿಸುವುದು, ಸಂಗೀತ, ಆಟಗಳವರೆಗೆ ಅರಸನಿಗೆ ಬೇಕಾದ ಎಲ್ಲವೂ ಅದರಲ್ಲಿದೆ. ವಿನೋದಗಳ ಭಾಗದಲ್ಲಿ ಬರುವ ಒಂದು ಅಧ್ಯಾಯದ ಹೆಸರೇ ಮತ್ಸ್ಯವಿನೋದ.

ಈ ಅಧ್ಯಾಯದ ಬೆಲೆ ಆಧುನಿಕ ವಿಜ್ಞಾನಿಗಳಿಗೆ ತಿಳಿದದ್ದು ತಡವಾಗಿ. ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯ ನಿರ್ದೇಶಕರಾಗಿದ್ದ ಸುಂದರ್ ಲಾಲ್ ಹೋರಾ ದೇಶದ ಮೀನುಗಳನ್ನು ಬಲ್ಲವರಲ್ಲಿ ದೊಡ್ಡ ಹೆಸರು. ಅವರು 1951ರಲ್ಲಿ ಮತ್ಸ್ಯವಿನೋದವನ್ನು ಮೀನು ಶಾಸ್ತ್ರದ ಕಣ್ಣಿನಿಂದ ಓದಿ ಲೇಖನ ಪ್ರಕಟಿಸಿದರು. ಸೋಮೇಶ್ವರ ಸುಮಾರು 35 ಬಗೆಯ ಮೀನುಗಳನ್ನು ಹೆಸರಿಸುತ್ತಾನೆ. ಕಡಲಿನವು ಯಾವುವು, ಹೊಳೆಯವು ಯಾವುವು. ಹುರುಪೆ ಇದ್ದವು ಯಾವುವು, ಇಲ್ಲದವು ಯಾವುವು. ದೊಡ್ಡವು, ನಡುವಿನವು, ಸಣ್ಣವು ಯಾವುವು ಎಂದು ವಿಂಗಡಿಸುತ್ತಾನೆ. ಯಾವ ಜಾತಿಗೆ ಯಾವ ತಿನಿಸು ಇಷ್ಟ, ಗಾಳದ ಕೋಲು ಮತ್ತು ದಾರ ಹೇಗಿರಬೇಕು, ಸಿಕ್ಕಿದ ಮೀನನ್ನು ಒಮ್ಮೆಲೇ ಎಳೆಯದೆ ಹೇಗೆ ದಣಿಸಿ ದಂಡೆಗೆ ತರಬೇಕು ಎಂಬುದನ್ನೂ ಹೇಳುತ್ತಾನೆ. ಇವನ್ನೆಲ್ಲ ಓದಿದವರಿಗೆ ಬರೆದಾತ ಗಾಳ ಹಿಡಿದು ಕೂತು ಬಲ್ಲವನು, ಅಥವಾ ಹಾಗೆ ಬಲ್ಲವರನ್ನು ಹತ್ತಿರ ಕೂರಿಸಿಕೊಂಡು ಕೇಳಿದವನು ಎಂಬುದು ಮನವರಿಕೆಯಾಗುತ್ತದೆ. ಇಂಗ್ಲಿಷಿನಲ್ಲಿ ಗಾಳದ ಬಗ್ಗೆ ಮೊದಲ ಪುಸ್ತಿಕೆ ಅಚ್ಚಾದದ್ದು 1496ರಲ್ಲಿ. ಆ ಭಾಷೆಯ ಗಾಳಗಾರರು ಗುರುವೆಂದು ನೆನೆಯುವ ಐಸಾಕ್ ವಾಲ್ಟನ್ನನ ಪುಸ್ತಕ ಬಂದದ್ದು 1653ರಲ್ಲಿ. ಸೋಮೇಶ್ವರ ಇವರೆಲ್ಲರಿಗಿಂತ ಮುನ್ನೂರೈವತ್ತು ವರ್ಷಕ್ಕೂ ಹಿಂದಿನವನು.

ಮತ್ಸ್ಯವಿನೋದದಲ್ಲಿ ಗಮನಿಸಲೇಬೇಕಾದ ಸಂಗತಿ ಇನ್ನೊಂದಿದೆ. ಮೀನು ಹಿಡಿಯುವ ಮೊದಲು ಮೀನಿಗೆ ಉಣಿಸಬೇಕು ಎಂಬುದು ಅಲ್ಲಿಯ ಕ್ರಮ. ಒಂದು ಜಾಗವನ್ನು ಗೊತ್ತುಮಾಡಿ, ಅಲ್ಲಿ ಜಾತಿಗೆ ತಕ್ಕ ತಿನಿಸು ಹಾಕಿ ಮೀನುಗಳನ್ನು ರೂಢಿ ಮಾಡಿಸಿ, ಕೊಬ್ಬಿಸಿ, ಆಮೇಲೆ ಗಾಳ. ಅಂದರೆ ನೀರಿನ ಒಂದು ಭಾಗವನ್ನು ಮೀನಿಗಾಗಿ ನೋಡಿಕೊಳ್ಳುವ ಹೊಣೆ ಅರಸನ ಮೋಜಿನೊಳಗೇ ಸೇರಿತ್ತು. ನಿತ್ಯದ ಊಟಕ್ಕೆ ಬಲೆ ಬೀಸುವ ಅಂಬಿಗನಿಗೂ ದೊರೆಗೂ ಇದ್ದ ದೂರ ಸಣ್ಣದೇನಲ್ಲ. ಆದರೂ ನೀರು, ಮೀನು, ಕಾವಲು ಈ ಮೂರನ್ನೂ ಕೂಡಿಸಿ ಯೋಚಿಸಿದ ಹಳೆಯ ದಾಖಲೆ ನಮ್ಮ ಕೈಯಲ್ಲಿರುವುದು ಇದು.

ಇದೇ ನೆಲದಲ್ಲಿ ಇದಕ್ಕೆ ಎದುರಾದ ಇನ್ನೊಂದು ದಾರಿಯೂ ಇತ್ತು. ಸೋಮೇಶ್ವರನಿಗಿಂತ ಸುಮಾರು 180 ವರ್ಷ ಮೊದಲು, 950ರಲ್ಲಿ, ಗಂಗ ಬೂತುಗನ ರಾಣಿ ಪದ್ಮಬ್ಬರಸಿ ನರೇಗಲ್ಲಿನಲ್ಲಿ ಬಸದಿ ಕಟ್ಟಿಸಿದಳು. ಬಸದಿಗೆ ಸೇರಿದ ದಾನಶಾಲೆಗೆ ಒಂದು ಕೆರೆಯನ್ನು ಬಿಟ್ಟುಕೊಟ್ಟದ್ದನ್ನು ಶಾಸನ ದಾಖಲಿಸಿದೆ. ಜೈನ ಧರ್ಮದ ಆಶ್ರಯದ ಕೆರೆಯೆಂದರೆ ಜೀವಹಿಂಸೆಗೆ ಎಡೆಯಿಲ್ಲದ ನೀರು. ಹಿಡಿಯುವುದಕ್ಕಾಗಿ ಸಾಕುವ ನೀರು, ಹಿಡಿಯಬಾರದೆಂದು ಕಾಯುವ ನೀರು ಇವೆರಡೂ ಒಂದೇ ಸೀಮೆಯ ನೆನಪಿನಲ್ಲಿವೆ. ಮುಂದಿನ ಒಂಬೈನೂರು ವರ್ಷ ಕನ್ನಡ ನಾಡಿನ ಹೊಳೆಗಳಲ್ಲಿ ಮೀನು ಉಳಿದದ್ದು ಈ ಎರಡು ದಾರಿಗಳಿಂದಲೇ. ಅದು ಅಳಿದದ್ದು ಇವೆರಡೂ ಕೈಬಿಟ್ಟ ಜಾಗಗಳಲ್ಲಿ.

ಬ್ರಿಟಿಷರು ಬಂದಾಗ ಅವರ ಕಣ್ಣು ಹುಡುಕಿದ್ದು ಟ್ರೌಟ್ ಮೀನನ್ನು. ಅದು ಚಳಿ ನಾಡಿನ ಮೀನು. ತಣ್ಣಗಿನ, ತಿಳಿಯಾದ, ಕಲ್ಲಿನ ಮೇಲೆ ಧುಮುಕಿ ಹರಿಯುವ ನೀರು ಅದಕ್ಕೆ ಬೇಕು. 1860ರ ದಶಕದಲ್ಲಿ ಫ್ರಾನ್ಸಿಸ್ ಡೇ ಅದರ ಮೊಟ್ಟೆಗಳನ್ನು ಹಡಗಿನಲ್ಲಿ ತರಿಸಿ ನೀಲಗಿರಿಯಲ್ಲಿ ಮರಿ ಮಾಡಿಸಲು ಹೆಣಗಿ ಸೋತ. ಕಾಶ್ಮೀರಕ್ಕೆ ಬಂದ ಮೊದಲ ಮೊಟ್ಟೆಗಳೂ ದಾರಿಯಲ್ಲೇ ಹಾಳಾದವು. 1900ರಲ್ಲಿ ಬಂದವು ಬದುಕಿದವು. ನೀಲಗಿರಿಯಲ್ಲಿ ಎಚ್.ಸಿ. ವಿಲ್ಸನ್ ಮಳೆಬಿಲ್ಲು ಬಣ್ಣದ ಟ್ರೌಟನ್ನು ನೆಲೆಗೊಳಿಸಿ, 1907ರಲ್ಲಿ ಅವಲಾಂಚಿಯಲ್ಲಿ ಮರಿ ಮಾಡುವ ಕೇಂದ್ರ ತೆರೆದ. ಮುನ್ನಾರಿನ ಎತ್ತರದ ಚಹಾ ತೋಟಗಳ ತೊರೆಗಳಲ್ಲೂ ಅದು ಉಳಿಯಿತು. ಮಲಪ್ರಭೆ, ತುಂಗಭದ್ರೆ, ಕಾವೇರಿಯ ಬೆಚ್ಚನೆಯ ನೀರಿನಲ್ಲಿ ಟ್ರೌಟ್ ಬದುಕಲಾರದು. ಆದರೆ ಗಾಳ ಹಿಡಿದು ಬಂದವರಿಗೆ ಇಲ್ಲಿ ಅದಕ್ಕಿಂತ ಹತ್ತಾರು ಪಟ್ಟು ದೊಡ್ಡದಾದ, ಸಿಕ್ಕಿಬಿದ್ದರೆ ತೋಳು ಸೋಲುವಂತೆ ಜಗ್ಗಾಡುವ ಇನ್ನೊಂದು ಮೀನು ಸಿಕ್ಕಿತು. ಅದೇ ಮಹಶೀರ್.

ಮಹಶೀರ್ ಒಂದೇ ಜಾತಿಯಲ್ಲ, ಒಂದು ಬಳಗ. ಅಂಗೈ ಅಗಲದ ಹುರುಪೆ, ದಪ್ಪ ತುಟಿ, ಬಂಡೆಗಳ ನಡುವಿನ ರಭಸದ ನೀರಿನಲ್ಲಿ ಎದುರು ಈಜುವ ಕಸುವು ಇವು ಅದರ ಗುರುತು. ಕೃಷ್ಣಾ ಕೊಳ್ಳದ ಮಹಶೀರನ್ನು 1839ರಲ್ಲಿ ಮೊದಲು ವಿವರಿಸಿದವನು ಡಬ್ಲ್ಯು.ಎಚ್. ಸೈಕ್ಸ್. ಪುಣೆಯ ಮುಳಾ-ಮುಠಾ ಹೊಳೆಯಲ್ಲಿ ಸಿಕ್ಕ ಆ ಮೀನಿಗೆ ಅಲ್ಲಿಯ ಜನ ಕರೆಯುತ್ತಿದ್ದ ಹೆಸರನ್ನೇ ಹಿಡಿದು ‘ಖುದ್ರೀ’ ಎಂದು ಹೆಸರಿಟ್ಟ. ಮುಳಾ-ಮುಠಾ ಭೀಮೆಯ ಮೂಲಕ ಕೃಷ್ಣೆಗೆ ಸೇರುವ ನೀರು. ಮಲಪ್ರಭೆಯೂ ಕೃಷ್ಣೆಯದೇ ಕೂಸು. ಹಾಗಾಗಿ ಖುದ್ರೀ ಈ ಸೀಮೆಯ ಹೊಳೆಗಳ ನಂಟಿನ ಮೀನು. ಅದರ ಹೆಸರು ಮುಂದೆ ಕಾವೇರಿಯ ಕಥೆಯಲ್ಲಿ ಅನಿರೀಕ್ಷಿತವಾಗಿ ಮತ್ತೆ ಬರುತ್ತದೆ.

ಬ್ರಿಟಿಷ್ ಗಾಳಗಾರರ ಬೈಬಲ್ ಎನ್ನಿಸಿಕೊಂಡ ‘ದ ರಾಡ್ ಇನ್ ಇಂಡಿಯಾ’ ಮೊದಲು ಅಚ್ಚಾದದ್ದು ಕನ್ನಡದ ನೆಲದಲ್ಲೇ, 1873ರಲ್ಲಿ ಮಂಗಳೂರಿನಲ್ಲಿ. ಬರೆದವನು ಆ ಜಿಲ್ಲೆಯಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್. ಆತ ಬರೀ ಮೋಜಿಗೆ ಗಾಳ ಹಿಡಿದವನಲ್ಲ. 1870ರಲ್ಲೇ ದಕ್ಷಿಣ ಕನ್ನಡದ ಮೀನು ಸಾಕಣೆಯ ಬಗ್ಗೆ ಸರ್ಕಾರಕ್ಕೆ ವರದಿ ಬರೆದಿದ್ದ. ಮಳೆಗಾಲದಲ್ಲಿ ಮೊಟ್ಟೆಯಿಡಲು ಏರಿ ಬರುವ ಮೀನಿಗೆ ಅಡ್ಡ ಕಟ್ಟಿ ಕೂಳಿ ಇಡುವುದು, ಸಣ್ಣ ಕಣ್ಣಿನ ಬಲೆಯಲ್ಲಿ ಮರಿಗಳನ್ನು ರಾಶಿ ರಾಶಿ ಬಾಚುವುದು, ಬೇಸಿಗೆಯ ಮಡುಗಳಿಗೆ ಕಾಯಿಗಳ ನಂಜು ಕದಡುವುದು ಆ ಕಾಲದ ಹೊಳೆಗಳ ಕಷ್ಟಗಳು. ಅದೇ 1873ರಲ್ಲಿ ಫ್ರಾನ್ಸಿಸ್ ಡೇ ದೇಶದ ಸಿಹಿನೀರಿನ ಮೀನುಗಾರಿಕೆಯ ಬಗ್ಗೆ ಕೊಟ್ಟ ವರದಿಯ ಕಾಳಜಿಯೂ ಇದೇ ಆಗಿತ್ತು.

ಇಂಥವರ ಒತ್ತಾಯದ ಬೆನ್ನಿಗೆ ಬಂದದ್ದು 1897ರ ಭಾರತೀಯ ಮೀನುಗಾರಿಕೆ ಕಾಯ್ದೆ. ನೀರಿಗೆ ಸಿಡಿಮದ್ದು ಹಾಕಿ ಅಥವಾ ವಿಷ ಬೆರೆಸಿ ಮೀನು ಕೊಂದವರಿಗೆ ಎರಡು ತಿಂಗಳವರೆಗೆ ಸಜೆ, ಇಲ್ಲವೆ 200 ರೂಪಾಯಿವರೆಗೆ ದಂಡ ಎಂದು ಅದು ಗೊತ್ತುಮಾಡಿತು. ಕರ್ನಾಟಕ ರಾಜ್ಯ 1996ರಲ್ಲಿ ಒಳನಾಡು ಮೀನುಗಾರಿಕೆಗೆಂದೇ ತನ್ನದೊಂದು ಕಾಯ್ದೆ ಮಾಡುವವರೆಗೂ ಆ ಹಳೆಯ ಕಾಯ್ದೆಯ ನೆರಳು ದೊಡ್ಡದಾಗಿಯೇ ಇತ್ತು. ಆದರೆ ಕಾಯ್ದೆಯನ್ನು ಹೊಳೆಯ ದಂಡೆಯಲ್ಲಿ ಕೂತು ಜಾರಿ ಮಾಡುವವರು ಯಾರು? ರಾತ್ರಿ ಹೊತ್ತು, ಊರಿಂದ ಎರಡು ಮೈಲಿ ದೂರದ ಮಡುವಿನಲ್ಲಿ ಸಿಡಿಯುವ ಮದ್ದಿಗೆ ಸಾಕ್ಷಿ ಹೇಳುವವರು ಯಾರು? ಅಂದಿನಿಂದ ಇಂದಿನವರೆಗೂ ಮೀನು ಕಾಯುವ ಎಲ್ಲ ಏರ್ಪಾಡುಗಳ ಗೆಲುವು ಸೋಲು ನಿಂತಿರುವುದು ಈ ಪ್ರಶ್ನೆಯ ಮೇಲೆ.

ಈ ಪ್ರಶ್ನೆಗೆ ಕಾವೇರಿಯಲ್ಲಿ ಒಂದು ಉತ್ತರ ಹುಟ್ಟಿತು. ಅದರ ಕಥೆ ಬಿಡಿಸಿ ಹೇಳಬೇಕಾದದ್ದು.

ಕಾವೇರಿ, ಕಬಿನಿಗಳ ಮಹಶೀರ್ ಬೇರೆಲ್ಲ ಹೊಳೆಗಳದಕ್ಕಿಂತ ದೊಡ್ಡದು. ಬೆನ್ನು ಗೂನಿನಂತೆ ಉಬ್ಬಿ, ರೆಕ್ಕೆಗಳು ಕಿತ್ತಳೆ ಬಣ್ಣಕ್ಕೆ ತಿರುಗಿದ ಆ ಮೀನನ್ನು ಹಿಡಿಯಲು ಗಾಳಗಾರರು ಕಡಲು ದಾಟಿ ಬಂದರು. 1919ರ ಡಿಸೆಂಬರ್ 28ರಂದು ಮೇಜರ್ ರಿವೆಟ್-ಕಾರ್ನಾಕ್ ಕಾವೇರಿಯಲ್ಲಿ 119 ಪೌಂಡ್ ತೂಕದ ಮೀನು ಹಿಡಿದ. ಆ ದಾಖಲೆ 26 ವರ್ಷ ನಿಂತಿತು. 1946ರ ಮಾರ್ಚ್ 22ರಂದು ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ ಕಬಿನಿಯಲ್ಲಿ 120 ಪೌಂಡಿನ ಮೀನು ಎಳೆದು ಅದನ್ನು ಮುರಿದ. ಕಿಲೋ ಲೆಕ್ಕದಲ್ಲಿ ಅದು 54ಕ್ಕೂ ಹೆಚ್ಚು. ಬೇಟೆಯಾಡಿದ ಹುಲಿ, ಚಿರತೆಗಳ ಚರ್ಮಕ್ಕೆ ಜೀವಂತ ರೂಪ ಕೊಡುವ ಕಸುಬಿನಲ್ಲಿ ಜಗತ್ತಿಗೇ ಹೆಸರಾದ ಮೈಸೂರಿನ ವ್ಯಾನ್ ಇಂಗೆನ್ ಮನೆತನದವನು ಆತ. ಗಾಳದಿಂದ ಹಿಡಿದ ಮಹಶೀರಿನ ಲೆಕ್ಕದಲ್ಲಿ ಎಲ್ಲರೂ ನೆನೆಯುವ ದಾಖಲೆ ಅದೇ ಆಗಿ ಉಳಿಯಿತು.

ಸ್ವಾತಂತ್ರ್ಯ ಬಂತು, ಸಾಹೇಬರು ಹೋದರು. ಶಿವನಸಮುದ್ರದಲ್ಲಿ 1902ರಲ್ಲೇ ವಿದ್ಯುತ್ ಹುಟ್ಟಿತ್ತು; ಕನ್ನಂಬಾಡಿ ಕಟ್ಟೆ ಎದ್ದಿತ್ತು; ಕೆಳಗೆ ಮೆಟ್ಟೂರಿನಲ್ಲಿ 1934ರಲ್ಲಿ ಅಣೆಕಟ್ಟು ಮುಗಿದಿತ್ತು. ಮೇಲೂ ಕೆಳಗೂ ಗೋಡೆ ಕಟ್ಟಿದ ಹೊಳೆಯ ನಡುವಿನ ತುಂಡಿನಲ್ಲಿ, ಶಿವನಸಮುದ್ರದಿಂದ ಮೇಕೆದಾಟಿನ ಕಡೆಗೆ ಕಾಡಿನ ನಡುವೆ ಹರಿಯುವ ನೀರಿನಲ್ಲಿ, ದೊಡ್ಡ ಮಹಶೀರ್ ಉಳಿದುಕೊಂಡಿತ್ತು. ಅಲ್ಲೂ ಸಿಡಿಮದ್ದಿನ ಕಾಟ ತಪ್ಪಲಿಲ್ಲ. ಒಂದು ಸಿಡಿತಕ್ಕೆ ನೂರಾರು ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಕೈಗೆ ಸಿಕ್ಕದೆ ತಳಕ್ಕೆ ಹೋದವಕ್ಕೆ ಲೆಕ್ಕವಿಲ್ಲ. 1977-78ರಲ್ಲಿ ಬ್ರಿಟನ್ನಿನ ಮೂವರು ತರುಣ ಗಾಳಗಾರರು ಮಹಶೀರನ್ನು ಹುಡುಕುತ್ತ ಭಾರತ ಸುತ್ತಿ ಕಾವೇರಿಗೆ ಬಂದಾಗ, ಆ ಮೀನು ಇನ್ನಿಲ್ಲವೆಂದು ನಂಬಿದ್ದವರೇ ಹೆಚ್ಚು. ಅವರಲ್ಲೊಬ್ಬ 92 ಪೌಂಡಿನ ಮೀನು ಹಿಡಿದ ಮೇಲೆ ಹೊರಜಗತ್ತಿಗೆ ಸುದ್ದಿ ಮುಟ್ಟಿತು.

ಅಷ್ಟರಲ್ಲಿ ಬೆಂಗಳೂರಿನ ಗಾಳಗಾರರು, ಕಾಡಿನ ಒಲವಿದ್ದವರು ಕೂಡಿ 1972ರಲ್ಲಿ ದಕ್ಷಿಣ ಭಾರತ ವನ್ಯಜೀವಿ ಸಂಘವನ್ನು ಕಟ್ಟಿದ್ದರು. ‘ವಾಸಿ’ ಎಂಬ ಅದರ ಚಿಕ್ಕ ಹೆಸರೇ ಹೆಚ್ಚು ಬಳಕೆಯದು. ಸಂಘ ಮೀನುಗಾರಿಕೆ ಇಲಾಖೆಯಿಂದ ಕಾವೇರಿಯ ಒಂದು ಭಾಗವನ್ನು ಗುತ್ತಿಗೆಗೆ ಪಡೆದು ಕಾವಲಿಟ್ಟಿತು. ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳಲ್ಲಿ ಗಾಳದ ಬಿಡಾರಗಳನ್ನು ತೆರೆಯಿತು. ನಿಯಮ ಒಂದೇ: ಹಿಡಿದ ಮೀನನ್ನು ತೂಗಿ, ಪಟ ತೆಗೆದು, ಜೀವಂತವಾಗಿ ನೀರಿಗೆ ಬಿಡಬೇಕು.

ಈ ಏರ್ಪಾಡಿನ ಹೆಚ್ಚುಗಾರಿಕೆ ಇದ್ದದ್ದು ಜನರಲ್ಲಿ. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದವರೇ ಕಾವಲುಗಾರರಾದರು, ಗಾಳಗಾರರಿಗೆ ದಾರಿ ತೋರುವವರಾದರು. ಯಾವ ಬಂಡೆಯ ಮಗ್ಗುಲಲ್ಲಿ ಮೀನು ನಿಲ್ಲುತ್ತದೆ, ನೀರು ಒಂದು ಗೇಣು ಏರಿದರೆ ಎಲ್ಲಿಗೆ ಸರಿಯುತ್ತದೆ ಎಂಬುದು ಅವರಿಗೆ ಹುಟ್ಟಿನಿಂದ ಗೊತ್ತು. ಹರಿಗೋಲು ಹಾಕುವವರು, ಅಡುಗೆಯವರು, ಕಾವಲಿನವರು ಹೀಗೆ ದಂಡೆಯ ಹಳ್ಳಿಗಳಿಗೆ ಬದುಕಿರುವ ಮೀನಿನಿಂದ ಕೂಲಿ ಬಂತು. ಗಾಳಕ್ಕೆ ಕಟ್ಟುತ್ತಿದ್ದದ್ದು ರಾಗಿ ಹಿಟ್ಟಿನ ಮುದ್ದೆ. ಹಿಟ್ಟನ್ನು ಗಟ್ಟಿಯಾಗಿ ಕಲಸಿ, ಮಸಾಲೆ ಬೆರೆಸಿ, ಬೇಯಿಸಿ ಉಂಡೆ ಮಾಡಿ ಗಾಳದ ಕೊಕ್ಕೆಗೆ ಮೆತ್ತುತ್ತಿದ್ದರು. ಲಂಡನ್ನಿನಿಂದ ಬಂದ ಬೆಲೆಬಾಳುವ ಗಾಳದ ತುದಿಯಲ್ಲಿ ಮಂಡ್ಯ, ಕನಕಪುರದ ರಾಗಿ. ಮೀನಿಗೆ ಅದರ ಇಷ್ಟದ ತಿನಿಸನ್ನೇ ಕೊಡಬೇಕೆಂದು ಬರೆದ ಸೋಮೇಶ್ವರ ಅಲ್ಲಿದ್ದಿದ್ದರೆ ಆತನಿಗೆ ಹೊಸದೆನಿಸುವುದು ಹೆಚ್ಚೇನೂ ಇರುತ್ತಿರಲಿಲ್ಲ.

ಇಷ್ಟೆಲ್ಲ ಇದ್ದೂ ಒಂದು ತಪ್ಪು ಆಗಿಹೋಯಿತು. ಅದು ಕೆಟ್ಟ ಮನಸ್ಸಿನಿಂದ ಆದದ್ದಲ್ಲ. ಮೀನು ಹೆಚ್ಚಲಿ ಎಂಬ ಹಂಬಲದಿಂದಲೇ ಆದದ್ದು. ಮಹಾರಾಷ್ಟ್ರದ ಲೋನಾವಳದಲ್ಲಿ ಟಾಟಾ ವಿದ್ಯುತ್ ಕಂಪನಿಯ ಕೆರೆಗಳ ಬಳಿ ಸಿ.ವಿ. ಕುಲಕರ್ಣಿ ಮತ್ತು ಜೊತೆಗಾರರು 1970ರ ಸುಮಾರಿಗೆ ಖುದ್ರೀ ಮಹಶೀರನ್ನು ಕೃತಕವಾಗಿ ಮರಿ ಮಾಡಿಸುವಲ್ಲಿ ಗೆದ್ದರು. ದೇಶದ ಮೀನು ವಿಜ್ಞಾನಕ್ಕೆ ಅದು ದೊಡ್ಡ ಗೆಲುವು. ಅಲ್ಲಿಂದ ಮರಿಗಳು ಹಲವು ರಾಜ್ಯಗಳಿಗೆ ಹೋದವು, ಕಾವೇರಿಗೂ ಬಂದವು. ಮಹಶೀರ್ ಎಂದರೆ ಮಹಶೀರ್ ಎಂಬುದು ಆ ಕಾಲದ ತಿಳಿವಳಿಕೆ. ಕೃಷ್ಣೆಯ ಖುದ್ರೀ ಬೇರೆ, ಕಾವೇರಿಯ ಗೂನುಬೆನ್ನಿನ ಮೀನು ಬೇರೆ ಎಂದು ಯಾರೂ ಗೆರೆ ಎಳೆದಿರಲಿಲ್ಲ. ಗೂನುಬೆನ್ನಿನ ಮೀನಿಗೆ ಆಗ ಒಂದು ಶಾಸ್ತ್ರೀಯ ಹೆಸರೂ ಇರಲಿಲ್ಲ.

ಈ ತಪ್ಪನ್ನು ಹೊರಗೆ ತಂದದ್ದು ಗಾಳಗಾರರ ದಿನಚರಿಯೇ. ಗಾಳಿಬೋರೆಯ ಬಿಡಾರದಲ್ಲಿ ಯಾರು ಎಷ್ಟು ಹೊತ್ತು ಗಾಳ ಹಾಕಿದರು, ಎಷ್ಟು ತೂಕದ ಯಾವ ಮೀನು ಸಿಕ್ಕಿತು ಎಂದು ಬರೆದಿಡುವ ರೂಢಿಯಿತ್ತು. ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ಜೊತೆಗಾರರು 1998ರಿಂದ 2012ರವರೆಗಿನ ಆ ದಾಖಲೆಗಳನ್ನು ಹರವಿಕೊಂಡು ಕೂತರು. ಒಟ್ಟು 23,620 ಗಂಟೆಗಳ ಗಾಳದ ದುಡಿಮೆ, 6,161 ಮಹಶೀರ್. ಮೇಲ್ನೋಟಕ್ಕೆ ಲೆಕ್ಕ ಹಿತವಾಗಿತ್ತು: ಗಂಟೆಗೆ ಸಿಗುವ ಮೀನಿನ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರಿತ್ತು. ಬಿಡಿಸಿ ನೋಡಿದಾಗ ಎದೆ ಒಡೆಯುವ ಸತ್ಯ ಕಂಡಿತು. ಏರಿದ್ದೆಲ್ಲ ನೀಲಿ ರೆಕ್ಕೆಯ ಖುದ್ರೀ. ಕಿತ್ತಳೆ ರೆಕ್ಕೆಯ, ಗೂನುಬೆನ್ನಿನ ಕಾವೇರಿಯ ಮೀನು ಇಳಿಯುತ್ತಲೇ ಹೋಗಿತ್ತು. ಸಿಕ್ಕ ಕೆಲವು ಮೀನುಗಳು ಮುದಿ, ದೊಡ್ಡ ಮೀನುಗಳು. ಮರಿಗಳ ಸುಳಿವೇ ಇಲ್ಲ. ಮನೆಯಲ್ಲಿ ಅಜ್ಜ ಅಜ್ಜಿಯರು ಮಾತ್ರ ಉಳಿದು ತೊಟ್ಟಿಲು ತೂಗುವುದು ನಿಂತಂತೆ.

ಅದೇ ಹೊತ್ತಿಗೆ ಬಿಡಾರಗಳೂ ಮುಚ್ಚಿದವು. ಹೊಳೆಯ ಆ ಭಾಗ 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿಧಾಮದೊಳಗೆ ಬರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯದೊಳಗೆ ಗಾಳ ಹಾಕುವುದೂ ಬೇಟೆಯೇ ಎಂಬ ಅರ್ಥ ಬಲವಾಯಿತು. 2012ರ ಹೊತ್ತಿಗೆ ಗಾಳ ನಿಂತಿತು. ಕಾಯ್ದೆಯ ಮಾತು ತಪ್ಪೆನ್ನಲಾಗದು. ಆದರೆ ಗಾಳದ ಜೊತೆಗೆ ಅದರ ದುಡ್ಡಿನಿಂದ ನಡೆಯುತ್ತಿದ್ದ ಕಾವಲೂ, ದಿನಚರಿಯೂ ನಿಂತವು. ಮೀನಿನ ಸ್ಥಿತಿ ಏನೆಂದು ಪ್ರತಿದಿನ ಬರೆದಿಡುತ್ತಿದ್ದ ಕೈಗಳು ದಂಡೆಯಿಂದ ದೂರವಾದವು.

ಗೂನುಬೆನ್ನಿನ ಮೀನಿಗೆ ಹೆಸರು ಸಿಕ್ಕಿದ್ದು 2018ರಲ್ಲಿ. 2007ರಲ್ಲಿ ಕೇರಳದ ಪಾಂಬಾರ್ ಹೊಳೆಯ ಮೀನೊಂದಕ್ಕೆ ವಿಜ್ಞಾನಿಗಳು ‘ಟೋರ್ ರೆಮಾದೇವಿ’ ಎಂದು ಹೆಸರಿಟ್ಟಿದ್ದರು. ಪಾಂಬಾರ್ ಕಾವೇರಿಯ ಕೊಳ್ಳಕ್ಕೇ ಸೇರಿದ್ದು. ಎರಡೂ ಒಂದೇ ಜಾತಿ ಎಂದು 2018ರಲ್ಲಿ ಖಚಿತವಾಯಿತು. ಅದೇ ವರ್ಷದ ನವೆಂಬರಿನಲ್ಲಿ ಜಾಗತಿಕ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿ ಅದನ್ನು ಅಳಿವಿನ ಅಂಚಿಗೆ ತೀರ ಹತ್ತಿರವಿರುವ ಜೀವಿಗಳ ಸಾಲಿಗೆ ಸೇರಿಸಿತು. ಜಗತ್ತಿನ ಗಾಳಗಾರರು ನೂರೈವತ್ತು ವರ್ಷ ಹಿಂಬಾಲಿಸಿದ ಮೀನಿಗೆ ನಾಮಕರಣವೂ ಮರಣಶಾಸನದ ಎಚ್ಚರಿಕೆಯೂ ಒಂದೇ ವರ್ಷದಲ್ಲಿ ಬಂದವು.

ಕಾವೇರಿಯ ದಾರಿ ಹೀಗಾದರೆ, ಮಲೆನಾಡಿನಲ್ಲಿ ಇನ್ನೊಂದು ದಾರಿ ಯಾವ ಗುತ್ತಿಗೆ, ಪರವಾನಗಿ ಇಲ್ಲದೆ ನಡೆದುಬಂದಿದೆ. ಶೃಂಗೇರಿಯಲ್ಲಿ ತುಂಗೆ ಊರಿನ ನಡುವೆಯೇ ಹರಿಯುತ್ತಾಳೆ. ವಿದ್ಯಾಶಂಕರ ದೇಗುಲದ ಹತ್ತಿರದ ಮೆಟ್ಟಿಲುಗಳಲ್ಲಿ ಕೂತು ಮಂಡಕ್ಕಿ ಎಸೆದರೆ ನೀರಿನ ಮೇಲ್ಮೈ ಕುದಿಯುವಂತೆ ಮೀನುಗಳು ಏಳುತ್ತವೆ. ಅಲ್ಲಿ ಗಾಳವಿಲ್ಲ, ಬಲೆಯಿಲ್ಲ. ಅವು ದೇವರ ಮೀನು. ಹಿಡಿದರೆ ಕೇಡು ಎಂಬ ನಂಬಿಕೆಗೆ ಪೊಲೀಸರ ಹಂಗು ಬೇಕಿಲ್ಲ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ವಹ್ನಿ ಪುಷ್ಕರಿಣಿಯ ಮೀನುಗಳಿಗೂ ಇದೇ ರಕ್ಷೆ. ತೀರ್ಥಹಳ್ಳಿಯ ಹತ್ತಿರ ಚಿಬ್ಬಲಗುಡ್ಡೆಯಲ್ಲಿ ಸಿದ್ಧಿವಿನಾಯಕನ ಗುಡಿಯ ಕೆಳಗಿನ ತುಂಗೆಯ ಮಡು ಮತ್ಸ್ಯಧಾಮವೆಂದೇ ಹೆಸರಾಗಿದೆ. ಒಂದು ಕಾಲಕ್ಕೆ ಕೃಷ್ಣಾ-ತುಂಗಭದ್ರಾ ಕೊಳ್ಳದಲ್ಲಿ ಹೇರಳವಾಗಿದ್ದ ಹರಗಿ ಮೀನು ಈಗ ಬಲೆಗೆ ಬೀಳುವುದೇ ಅಪರೂಪ. ಅಂಥ ಮೀನುಗಳಿಗೂ ಉಳಿದ ಕೆಲವೇ ತಾವುಗಳು ಇಂಥ ಗುಡಿಯ ಮಡುಗಳು.

ಕಾವಲು ಇಲ್ಲದ ನಂಬಿಕೆಗೂ ಮಿತಿಯಿದೆ. ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ಶಿಶಿಲೇಶ್ವರನ ಗುಡಿಯ ಮುಂದೆ ಕಪಿಲಾ ಹೊಳೆ ಹರಿಯುತ್ತದೆ. ಅದರ ಮಹಶೀರುಗಳನ್ನು ಊರವರು ತಲೆಮಾರುಗಳಿಂದ ಸಾಕಿ ಬಂದಿದ್ದರು. 1996ರಲ್ಲಿ ದುಷ್ಕರ್ಮಿಗಳು ಹೊಳೆಗೆ ವಿಷ ಬೆರೆಸಿದರು. ಸಾವಿರಾರು ದೇವರ ಮೀನುಗಳು ಸತ್ತು ತೇಲಿದವು. ಊರವರು ಸತ್ತ ಮೀನುಗಳ ನೆನಪಿಗೆ ಒಂದು ಮತ್ಸ್ಯ ಸ್ಮಾರಕ ಕಟ್ಟಿದರು. ಯುದ್ಧದಲ್ಲಿ ಸತ್ತವರಿಗೆ ವೀರಗಲ್ಲು ನೆಟ್ಟ ನಾಡು ಇದು. ಮೀನುಗಳಿಗಾಗಿ ಎದ್ದ ಕಲ್ಲು ಇಲ್ಲಿ ತೀರ ವಿರಳ. ಊರು ಅಲ್ಲಿಗೇ ನಿಲ್ಲದೆ ಕಾವಲನ್ನು ಬಿಗಿ ಮಾಡಿತು. ಹೊಳೆಯಲ್ಲಿ ಮತ್ತೆ ಮೀನು ತುಂಬಿದವು. ಈಗ ಶಿಶಿಲಕ್ಕೆ ಹೋದವರು ಗುಡಿಯ ಮೆಟ್ಟಿಲಿಂದಲೇ ಅವನ್ನು ನೋಡಬಹುದು.

ಇನ್ನು ಮಲಪ್ರಭೆಗೆ ಮರಳಬೇಕು. ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ 1972ರಲ್ಲಿ ಅಣೆಕಟ್ಟು ಮುಗಿದ ಮೇಲೆ ಈ ಹೊಳೆಯ ಬದುಕು ಬದಲಾಯಿತು. ನೀರು ಕಾಲುವೆಗಳಲ್ಲಿ ನರಗುಂದ, ನವಲಗುಂದ, ರೋಣದ ಹೊಲಗಳಿಗೆ ಹರಿಯಿತು. ಬರದ ಸೀಮೆಗೆ ಅದು ಬೇಕೇ ಬೇಕಿತ್ತು. ಆದರೆ ಕಟ್ಟೆಯ ಕೆಳಗೆ ವರ್ಷದ ಬಹುಪಾಲು ಹೊಳೆ ಸೊರಗಿ ಮಡುಗಳ ಸಾಲಾಯಿತು. ದಂಡೆ ಒತ್ತುವರಿಯಾಗಿ ಪಾತ್ರ ಕಿರಿದಾಯಿತು. 2019ರ ಆಗಸ್ಟಿನಲ್ಲಿ ಒಮ್ಮೆಲೇ ನೆರೆ ಬಂದಾಗ ಕೊಣ್ಣೂರು, ಮೆಣಸಗಿ, ಹೊಳೆಆಲೂರು ಕಡೆಯ ಜನ ಅದರ ಬೆಲೆ ತೆತ್ತರು. ಮೀನುಗಳು ತೆತ್ತ ಬೆಲೆಯನ್ನು ಬರೆದಿಟ್ಟವರಿಲ್ಲ. ಬೇಸಿಗೆಯಲ್ಲಿ ಉಳಿಯುವ ಒಂದೊಂದು ಮಡುವೂ ಹೊಳೆಯ ಬೀಜದ ಕಣಜ. ಮುಂದಿನ ಮಳೆಗೆ ಹೊಳೆ ತುಂಬಿದಾಗ ಮೇಲೆ ಏರಿ ಮೊಟ್ಟೆಯಿಡುವ ಮೀನು ಅಲ್ಲಿಯೇ ಉಸಿರು ಹಿಡಿದು ಕಾದಿರುತ್ತದೆ. ಅಂಥ ಮಡುವಿಗೆ ಒಂದು ರಾತ್ರಿ ಮದ್ದು ಹಾಕಿದರೆ ಹಲವು ಮೈಲಿ ಹೊಳೆ ಬರಿದಾದಂತೆ.

ಇಂದು ನರೇಗಲ್, ರೋಣದ ಕಡೆ ಮೀನು ಸಾಕಣೆ ಎಂದರೆ ಕೆರೆ ಗುತ್ತಿಗೆ ಹಿಡಿದು ಕಟ್ಲಾ, ರೋಹು, ಮೃಗಾಲ್ ಮರಿ ಬಿಡುವುದು. ಇವು ಗಂಗೆಯ ಬಯಲಿನಿಂದ ದಕ್ಷಿಣಕ್ಕೆ ಬಂದ ಮೀನುಗಳು. ಬೇಗ ಬೆಳೆಯುತ್ತವೆ, ಸಂತೆಯಲ್ಲಿ ಬೆಲೆ ಸಿಗುತ್ತದೆ, ಬಡ ಕುಟುಂಬಗಳ ತಾಟಿಗೆ ಒಳ್ಳೆಯ ಆಹಾರ ಕೊಡುತ್ತವೆ. ಕೆರೆಗೆ ಅವು ಸರಿ. ಹರಿಯುವ ಹೊಳೆಗೆ ಯಾವುದೇ ಮರಿ ಬಿಡುವ ಮುನ್ನ ಮಾತ್ರ ಕಾವೇರಿಯ ಪಾಠವನ್ನು ನೆನೆಯಬೇಕು. ಅಲ್ಲಿ ಹೊರಗಿನವನಾಗಿ ಮನೆಯ ಮೀನಿನ ಜಾಗ ಹಿಡಿದದ್ದು ನಮ್ಮದೇ ಕೃಷ್ಣೆಯ ಖುದ್ರೀ. ಇಲ್ಲಿ ಖುದ್ರೀ, ಹರಗಿಗಳೇ ಮನೆಯವರು.

ಕೊಣ್ಣೂರಿನಿಂದ ಹೊಳೆಆಲೂರಿನವರೆಗಿನ ದಂಡೆಯ ಗ್ರಾಮ ಪಂಚಾಯಿತಿಗಳು ಒಂದು ಕೆಲಸ ಮಾಡಬಹುದು. ಬೇಸಿಗೆಯಲ್ಲೂ ಬತ್ತದ ಒಂದು ಆಳದ ಮಡುವನ್ನು, ಸಾಧ್ಯವಾದರೆ ದೇವರ ಗುಡಿಯ ಮುಂದಿನದನ್ನೇ, ಆರಿಸಿಕೊಂಡು ಅಲ್ಲಿ ಬಲೆ, ಗಾಳ, ಮದ್ದು ಬೇಡವೆಂದು ಊರ ಸಭೆಯಲ್ಲಿ ಠರಾವು ಮಾಡಬಹುದು. ಕಾವಲನ್ನು ದಂಡೆಯ ಅಂಬಿಗರಿಗೇ ಕೂಲಿ ಕೊಟ್ಟು ಒಪ್ಪಿಸಬೇಕು; ಹೊಳೆಯ ಗುಣ ಅವರಷ್ಟು ಬಲ್ಲವರು ಬೇರಿಲ್ಲ. ಮಡುವಿನಲ್ಲಿ ಯಾವ ಯಾವ ಮೀನುಗಳಿವೆ, ಯಾವ ತಿಂಗಳು ಏರುತ್ತವೆ ಎಂದು ಶಾಲೆಯ ಮಕ್ಕಳು ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಇದಕ್ಕೆ ಬೇಕಾದ ದುಡ್ಡು ಸ್ವಲ್ಪ. ಮುಂದಿನ ಮಳೆಗಾಲದ ಮೊದಲೇ ಆ ಮಡು ಯಾವುದೆಂದು ಗೊತ್ತುಮಾಡಿದರೆ ಒಳಿತು. ಮೀನು ಮೊಟ್ಟೆಯಿಡಲು ಏರುವುದು ಹೊಸ ನೀರು ಬಂದ ಕೂಡಲೇ.